ವಿಸ್ಕಿಯ ರುಚಿಗೆ ಕನ್ನಡದಲ್ಲಿ ಏನಂತಾರೆ?

ಸ್ಕಾಟ್ಲೆಂಡಿನ ಒಳ್ಳೆಯ ಸಿಂಗಲ್ ಮಾಲ್ಟ್ ಬಾಟ್ಲಿಯೊಂದು ಕೈಗೆ ಸಿಕ್ಕರೆ ಅದರ ಡಬ್ಬಿಯ ಹಿಂಬದಿ ಓದಿ ನೋಡಿ. ಹೆದರ್ ಹೂವಿನ ಜೇನು, ಕ್ರಿಸ್‌ಮಸ್ ಕೇಕು, ಬೇಯಿಸಿದ ಪೇರ್ ಹಣ್ಣು, ಹಳೇ ಚರ್ಮದ ಕುರ್ಚಿ, ಮಳೆಯಲ್ಲಿ ನೆನೆದ ಉಣ್ಣೆ ಕೋಟು... ಹೀಗೆ ಒಂದು ಪಟ್ಟಿ ಇರುತ್ತೆ. ಇದರಲ್ಲಿ ಇಂತಿಂಥ ವಾಸನೆ ಬರುತ್ತೆ, ಇಂತಿಂಥ ರುಚಿ ಸಿಗುತ್ತೆ ಅಂತ. ನಾನು ಹುಟ್ಟಿ ಬೆಳೆದದ್ದು ಸಾಗರದ ಹತ್ತಿರದ ಹಳ್ಳಿಯಲ್ಲಿ, ಮುಂಬಯಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಹೆದರ್ ಅನ್ನೋ ಹೂವನ್ನ ಈ ಕಣ್ಣಲ್ಲಿ ಕಂಡವನಲ್ಲ. ಕ್ರಿಸ್‌ಮಸ್ ಕೇಕು ಬಾಂದ್ರಾದ ಬೇಕರಿಯಲ್ಲಿ ತಿಂದದ್ದುಂಟು, ಅದು ಬಿಡಿ. ಆದರೆ ಒದ್ದೆ ಉಣ್ಣೆ ಕೋಟು? ಅದರ ಬದಲು ಒದ್ದೆ ಕಂಬಳಿಕೊಪ್ಪೆ ಅಂತ ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ಗುರುತು ಹಿಡೀತಿದ್ದೆ. ಆಷಾಢದಲ್ಲಿ ಗದ್ದೆ ಕೆಲಸ ಮುಗಿಸಿ ಬಂದವರು ಜಗಲಿಯ ಗೂಟಕ್ಕೆ ನೇತು ಹಾಕ್ತಿದ್ದರಲ್ಲ, ಆ ವಾಸನೆ.

ನಾವು ನಾಲ್ಕು ಜನ ಕನ್ನಡದವರು ಇಲ್ಲಿ ತಿಂಗಳಿಗೊಮ್ಮೆ ಸೇರಿ ಬೇರೆ ಬೇರೆ ದೇಶದ ವಿಸ್ಕಿ ರುಚಿ ನೋಡ್ತೀವಿ. ಒಬ್ಬರು ಧಾರವಾಡದವರು, ಒಬ್ಬರು ಮೈಸೂರಿನವರು, ಮತ್ತೊಬ್ಬರು ಕುಂದಾಪುರದ ಹೋಟೆಲಿನವರು, ಮತ್ತೆ ನಾನು. ಮುಂಬಯಿ ಕನ್ನಡಿಗರಲ್ಲಿ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ಚಾಲ್ತಿ ಅನ್ನೋದು ನಿಮಗೆ ಗೊತ್ತಲ್ಲ. ಸೇರೋದು ನಮ್ಮ ಮನೆಯಲ್ಲಿ. ಯಾರ ಮಗನೋ ಮಗಳೋ ವಿದೇಶದಿಂದ ಬರುವಾಗ ಡ್ಯೂಟಿ ಫ್ರೀಯಿಂದ ತಂದದ್ದು, ಇಲ್ಲಾ ನಾಲ್ಕು ಜನ ದುಡ್ಡು ಕೂಡಿಸಿ ಕೊಂಡದ್ದು. ಒಬ್ಬೊಬ್ಬರಿಗೆ ಒಂದೊಂದರಿಂದ 15 ಎಂ.ಎಲ್., ಅಷ್ಟೇ. ಬಾಟ್ಲಿಗೆ ಪೇಪರ್ ಸುತ್ತಿ, ಗ್ಲಾಸಿಗೆ ನಂಬರ್ ಅಂಟಿಸಿ, ಯಾವುದರಲ್ಲಿ ಯಾವುದಿದೆ ಅಂತ ಗೊತ್ತಿಲ್ಲದೆ ಅಂಕ ಹಾಕ್ತೀವಿ. ಒಂದು ನೋಟ್‌ಬುಕ್ಕು ಇದೆ, ಲೇಖಕ್ ಬ್ರಾಂಡಿನದ್ದಲ್ಲ, ಎಲ್‌ಐಸಿಯವರು ಕೊಟ್ಟ ಹಳೇ ಡೈರಿ. ಅದರಲ್ಲಿ ಬರೆದಿಡ್ತೀವಿ.

ಬರೆಯೋಕೆ ಕೂತಾಗಲೇ ಸಮಸ್ಯೆ ಶುರುವಾಗಿದ್ದು.

ಕುಡಿಯೋದರ ಬಗ್ಗೆ ಕನ್ನಡದಲ್ಲಿ ಪದಗಳಿಗೇನೂ ಬರ ಇಲ್ಲ. ಗುಂಡು ಹಾಕಿದ, ಎಣ್ಣೆ ಹೊಡೆದ, ಏರಿಸಿದ, ತೀರ್ಥ ತಗೊಂಡ. ಕುಡಿದ ಮೇಲಿನ ಸ್ಥಿತಿಗೆ ಟೈಟು, ಫುಲ್ಲು, ಚಿತ್ತು, ಔಟು. ಅಳತೆಗೆ ನೈಂಟಿ, ಕ್ವಾರ್ಟರು. ಆದರೆ ಬಾಯಲ್ಲಿರುವಾಗ ಅದು ಹೇಗಿತ್ತು ಅಂತ ಹೇಳೋಕೆ? "ಕಿಕ್ ಚೆನ್ನಾಗಿದೆ", "ಸುಡುತ್ತೆ", "ಸ್ಮೂತಾಗಿದೆ." ಮುಗೀತು. ಡೈರಿಯ ಮೊದಲ ಏಳೆಂಟು ಪುಟ ತೆಗೆದರೆ ನಾಲ್ಕೂ ಜನ ಸ್ಮೂತು ಸ್ಮೂತು ಅಂತ ಬರೆದು ಬರೆದು ಪುಟವೇ ನುಣ್ಣಗಾಗಿದೆ :-) ಕೆಲವು ಕಡೆ ಮೈಸೂರಿನವರು ಇಂಗ್ಲಿಷ್ ಪುಸ್ತಕದಿಂದ ಎತ್ತಿ ಹೆದರ್ ಜೇನು ಅಂತಲೂ ಬರೆದಿದಾರೆ. ಅವರೂ ಆ ಹೂವನ್ನ ನೋಡಿದವರಲ್ಲ, ಕೇಳಿದೀನಿ.

ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿದ್ದು ಕುಡಿಯೋರು ಯಾರೂ ಅಲ್ಲ, ನನ್ನ ಹೆಂಡತಿ.

ಅವಳಿಗೆ ಮದ್ಯದ ವಾಸನೆ ಅಂದರೆ ಆಗದು. ಕಾರಣ ಸಣ್ಣದಲ್ಲ. ಅವಳ ಅಪ್ಪ ಕೊಟ್ಟೆ ಸಾರಾಯಿಗೆ ಬಿದ್ದು ತೋಟ ಕಳೆದವರು, ಆಮೇಲೆ ಜೀವವನ್ನೂ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ಕ್ಕೆ, ಅಷ್ಟು ಹೊತ್ತಿಗೆ ಮಾವ ತೀರಿಕೊಂಡು ವರ್ಷಗಳಾಗಿತ್ತು. ಹಾಗಾಗಿ ನಮ್ಮ ಈ ತಿಂಗಳ ಕೂಟ ಶುರುವಾದಾಗ ಅವಳು ಬೇಡ ಅನ್ನಲಿಲ್ಲ, ಆದರೆ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಕೂರ್ತಿದ್ದಳು. "ಅಳತೆ ಮಾಡಿ ಕುಡೀತೀರಲ್ಲ, ಅದಕ್ಕೆ ಸುಮ್ಮನಿದೀನಿ. ಅಳತೆ ತಪ್ಪಿದ ದಿವಸ ನಾನು ಊರಿಗೆ ಹೋಗ್ತೀನಿ," ಅಂತ ಒಂದೇ ಸಲ ಹೇಳಿದ್ದಳು. ಎರಡನೇ ಸಲ ಹೇಳೋ ಹೆಂಗಸಲ್ಲ ಅವಳು.

ಒಂದು ಭಾನುವಾರ ಬೆಳಿಗ್ಗೆ, ಹಿಂದಿನ ರಾತ್ರಿ ತಟ್ಟೆ ಮುಚ್ಚಿಟ್ಟಿದ್ದ ಗ್ಲಾಸುಗಳನ್ನ ನಾನು ತೊಳೆಯೋಕೆ ತಗೊಂಡು ಹೋದೆ. ಸಿಂಕಿನ ಪಕ್ಕ ಅವಳು ಸಾರಿನ ಪುಡಿಗೆ ಹುರೀತಾ ಇದ್ದಳು. ಎರಡನೇ ಗ್ಲಾಸಿನ ತಟ್ಟೆ ತೆಗೆದಿದ್ದೇ ಮೂಗು ಈ ಕಡೆ ತಿರುಗಿಸಿ, "ಇದೊಂದರದ್ದು ಹಸಿ ವಾಸನೆ ಹೋಗಿಲ್ಲ ನೋಡಿ," ಅಂದಳು.

ನಾನು ಡೈರಿ ತೆಗೆದು ನೋಡಿದೆ. ಎರಡನೇ ಗ್ಲಾಸು ಆ ರಾತ್ರಿಯ ಐದರಲ್ಲಿ ಎಲ್ಲಕ್ಕಿಂತ ಎಳೆಯದು, ಪೀಪಾಯಿಯಲ್ಲಿ ಮೂರೇ ವರ್ಷ ಇದ್ದದ್ದು. ಸ್ಕಾಚ್ ಅನ್ನಿಸಿಕೊಳ್ಳೋಕೆ ಕಾನೂನು ಪ್ರಕಾರ ಕನಿಷ್ಠ ಎಷ್ಟು ವರ್ಷ ಬೇಕೋ ಅಷ್ಟು. ಹೊಸದಾಗಿ ಭಟ್ಟಿ ಇಳಿಸಿದ ವಿಸ್ಕಿಯಲ್ಲಿ ಒಂದು ಹಸಿ ಧಾನ್ಯದ, ಹುಳಿ ಹಿಟ್ಟಿನ ವಾಸನೆ ಇರುತ್ತೆ. ಅದು ಮರದ ಪೀಪಾಯಿಯಲ್ಲಿ ಕೂತು ಕೂತು ಹೋಗಬೇಕು. ಅದನ್ನ ಹೇಳೋಕೆ ಇಂಗ್ಲಿಷ್ ಪುಸ್ತಕದವರು ಎರಡು ಸಾಲು ಬರೀತಾರೆ. ಇವಳು ಸೌಟು ಆಡಿಸ್ತಾ ಎರಡು ಪದದಲ್ಲಿ ಮುಗಿಸಿದ್ದಳು. ಹಸಿ ವಾಸನೆ. ಕೊತ್ತಂಬರಿ ಬೀಜ ಹುರಿಯುವಾಗ, ಕಡಲೆಹಿಟ್ಟು ಹುರಿಯುವಾಗ, ಸಾಂಬಾರ್ ಕುದಿಸುವಾಗ ನಮ್ಮ ಅಮ್ಮಂದಿರೆಲ್ಲ ಹೇಳ್ತಾ ಬಂದಿದ್ದು ಅದೇ, "ಹಸಿ ವಾಸನೆ ಹೋಗೋ ತನಕ."

ಆಮೇಲೆ ನನಗೆ ಹುಚ್ಚು ಹಿಡೀತು. ಪದಗಳೆಲ್ಲ ಅಡುಗೆಮನೆಯಲ್ಲೇ ಬಿದ್ದಿವೆ! ಓಕ್ ಮರದ ಟ್ಯಾನಿನ್ ನಾಲಿಗೆಯನ್ನ ಹಿಡಿದು ಒಣಗಿಸುತ್ತಲ್ಲ, ಅದು ಒಗರು. ನಮ್ಮಲ್ಲಿ ಒಗರು ಅಂದರೆ ಎಳೇ ಅಡಿಕೆ ಕಚ್ಚಿದ ಮಗುವಿಗೂ ಗೊತ್ತು. ಒಳಗೆ ಸುಟ್ಟ ಪೀಪಾಯಿಯ ವಾಸನೆಗೆ ಸೀದದ್ದು, ಅದು ಮಿತಿ ಮೀರಿದರೆ ಕಮರು. ಹಳೇ ಗೋದಾಮಿನ ವಾಸನೆಗೆ ಮುಗ್ಗು. ಗ್ಲಾಸಿನ ಗೋಡೆಯ ಮೇಲೆ ಜಾರೋ ಗೆರೆ ನೋಡಿ ಎಷ್ಟು ದಪ್ಪ ಅಂತ ಹೇಳೋಕೆ ಎಳೆ ಪಾಕ. ಇಷ್ಟೆಲ್ಲ ಇದ್ದೂ ಯಾಕೆ ಯಾರೂ ಇದನ್ನ ಮದ್ಯಕ್ಕೆ ಬಳಸಲಿಲ್ಲ? ನನಗನ್ನಿಸೋದು ಇಷ್ಟೇ. ಈ ಪದಗಳು ಗೊತ್ತಿದ್ದವರು ಆ ಬಾಟ್ಲಿಯ ಹತ್ತಿರ ಬರಲಿಲ್ಲ, ಬರೋಕೆ ಅವರಿಗೆ ಕಾರಣವೂ ಇರಲಿಲ್ಲ. ಬಾಟ್ಲಿ ಹಿಡಿದವರು ಅಡುಗೆಮನೆಗೆ ಹೋಗಲಿಲ್ಲ, ಹೋದರೂ ಚಕಣಾ ಕೇಳೋಕೆ ಹೋದರು. ನಮ್ಮೂರಲ್ಲಂತೂ ಕುಡಿಯೋದು ಅಂದರೆ ಕತ್ತಲೆಯಲ್ಲಿ, ನಿಂತುಕೊಂಡು, ಮೂಗು ಹಿಡಿದು ಗಂಟಲಿಗೆ ಸುರಿಯೋದು. ರುಚಿ ನೋಡೋ ಮಾತೆಲ್ಲಿ?

ಮುಂಬಯಿಯಲ್ಲೂ ಅಷ್ಟೇನೂ ಬೇರೆ ಅಲ್ಲ. ಇಲ್ಲಿ ಬಾರಿನ ಬೋರ್ಡಿನ ಮೇಲೆ ಪರ್ಮಿಟ್ ರೂಮ್ ಅಂತ ಬರೆದಿರುತ್ತಲ್ಲ, ಅದು 1949ರ ಪಾನನಿರೋಧ ಕಾಯಿದೆಯ ಪಳೆಯುಳಿಕೆ. ಕುಡಿಯೋನ ಹತ್ತಿರ ಪರವಾನಗಿ ಇರಬೇಕು ಅನ್ನೋದು ಕಾಗದದ ಮೇಲೆ ಈಗಲೂ ನಿಯಮ. ಪರವಾನಗಿ ಕೊಡೋದು ಯಾತಕ್ಕೆ ಅಂದ್ರೆ, ಆರೋಗ್ಯ ಕಾಪಾಡಿಕೊಳ್ಳೋಕೆ! ಇಂಥಾ ಎಷ್ಟೋ ಪರ್ಮಿಟ್ ರೂಮುಗಳನ್ನ ನಡೆಸಿಕೊಂಡು ಬಂದವರು ನಮ್ಮ ಕರಾವಳಿಯವರೇ. ನಮ್ಮ ಕುಂದಾಪುರದವರು ನಲವತ್ತು ವರ್ಷ ಕೌಂಟರಿನ ಹಿಂದೆ ನಿಂತವರು. "ಹ್ವಾಯ್, ಇಷ್ಟ್ ವರ್ಷದಗೆ ಒಬ್ಬ ಗಿರಾಕಿಯೂ ಗ್ಲಾಸಿನ ವಾಸನೆ ನೋಡಿ ಕುಡಿದದ್ದ್ ನಾ ಕಾಣ್ಲಿಲ್ಲ," ಅಂತಾರೆ.

ಸರಿ, ಡೈರಿಯ ಕೆಲವು ಪುಟ ತೆಗೀತೀನಿ. ಎಲ್ಲಾ ಹೇಳೋಕೆ ಹೋಗಲ್ಲ.

ಗ್ಲೆನ್‌ಲಿವೆಟ್ 12. ಸ್ಕಾಟ್ಲೆಂಡಿನ ಸ್ಪೇಸೈಡಿನದ್ದು. 1823ರಲ್ಲಿ ಸುಂಕದ ಕಾಯಿದೆ ಬದಲಾಗೋವರೆಗೆ ಅಲ್ಲಿಯ ಬೆಟ್ಟಗಳಲ್ಲಿ ಕಳ್ಳಭಟ್ಟಿಯದೇ ರಾಜ್ಯಭಾರ. ಮರುವರ್ಷ ಲೈಸೆನ್ಸ್ ತಗೊಂಡ ಜಾರ್ಜ್ ಸ್ಮಿತ್ ಅನ್ನೋನು ಅಕ್ಕಪಕ್ಕದ ಕಳ್ಳಭಟ್ಟಿಯವರ ಹೆದರಿಕೆಗೆ ಪಿಸ್ತೂಲು ಇಟ್ಟುಕೊಂಡು ಓಡಾಡ್ತಿದ್ದನಂತೆ. ಇಷ್ಟು ಜಬರ್ದಸ್ತ್ ಕತೆಯ ವಿಸ್ಕಿ ಬಾಯಲ್ಲಿ ಮಾತ್ರ ಬಹಳ ಸಾಧು. ಮೈಸೂರಿನವರು ಮೂಸಿ "ರಸಬಾಳೆ" ಅಂದರು. ನನಗೆ ಅನಾನಸ್ ಗೊಜ್ಜು, ಬೆಲ್ಲ ಹಾಕೋದಕ್ಕೆ ಮುಂಚೆ. ಹುಳಿ ಬರೋವಾಗ ಯೀಸ್ಟು ತಯಾರಿಸೋ ಎಸ್ಟರ್ ಅನ್ನೋ ರಾಸಾಯನಿಕಗಳೇ ಬಾಳೆಹಣ್ಣಿನಲ್ಲೂ ಅನಾನಸಿನಲ್ಲೂ ಇರೋದು, ಹಾಗಾಗಿ ಇಬ್ಬರೂ ಕಲ್ಪಿಸಿಕೊಂಡಿದ್ದಲ್ಲ. ಒಗರು ಕಮ್ಮಿ. ಗುಟುಕು ನುಂಗಿದ ಮೇಲೆ ಬೇಗ ಮರೆತು ಹೋಗುತ್ತೆ. 100ಕ್ಕೆ 76.

ಬರ್ಬನ್, ಅಮೆರಿಕದ್ದು. ಇದಕ್ಕೆ ಕನಿಷ್ಠ 51 ಭಾಗ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಚ್ಚ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹೊಸದೇ ಆಗಬೇಕು ಅನ್ನೋ ಈ ಒಂದು ಷರತ್ತಿನಿಂದ ಏನಾಯ್ತು ನೋಡಿ. ಒಂದು ಸಲ ಬಳಸಿದ ಪೀಪಾಯಿ ಬರ್ಬನ್ನಿನವರಿಗೆ ಮತ್ತೆ ಬೇಡ, ಅದು ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ಜಪಾನಿಗೆ, ನಮ್ಮ ಬೆಂಗಳೂರಿಗೂ ಬರುತ್ತೆ. ಜಗತ್ತಿನ ಎಷ್ಟೋ ವಿಸ್ಕಿ ಅಮೆರಿಕದ ಹಳೇ ಪೀಪಾಯಿಯಲ್ಲಿ ಬೆಳೆಯೋದು. ವೆನಿಲಾ, ಕೊಬ್ಬರಿ ಮಿಠಾಯಿ, ಹಲ್ಲುನೋವಿಗೆ ಹಚ್ಚೋ ಲವಂಗದೆಣ್ಣೆ, ಈ ಮೂರೂ ಆ ಮರದಿಂದಲೇ ಬರೋದು. ನಾವು ಕುಡಿದದ್ದು ಮೇಕರ್ಸ್ ಮಾರ್ಕ್. ಧಾರವಾಡದವರಿಗೆ ಬಹಳ ಹಿಡಿಸ್ತು, ನನಗೆ ಸಿಹಿ ಜಾಸ್ತಿ ಅನ್ನಿಸ್ತು. ಊಟ ಆದಮೇಲೆ ಸರಿ, ಮೊದಲು ಅಲ್ಲ. (ಅಂದಹಾಗೆ ಐರಿಶ್ ಮತ್ತು ಬಹುಪಾಲು ಅಮೆರಿಕದವರು ವಿಸ್ಕಿಯ ಸ್ಪೆಲ್ಲಿಂಗಿಗೆ ಒಂದು ಅಕ್ಷರ ಹೆಚ್ಚು ಹಾಕ್ತಾರೆ, ಸ್ಕಾಟ್ಲೆಂಡಿನವರು ಹಾಕಲ್ಲ, ಅದಕ್ಕೆ ದೊಡ್ಡ ವಾದ. ಕನ್ನಡದಲ್ಲಿ ಬರೆದರೆ ಆ ಜಗಳವೇ ಇಲ್ಲ.)

ರೆಡ್‌ಬ್ರೆಸ್ಟ್ 12, ಐರ್ಲೆಂಡ್. ಇದರ ಬಗ್ಗೆ ಸ್ವಲ್ಪ ನಿಧಾನ ಹೇಳಬೇಕು. ಬ್ರಿಟಿಷರು 18ನೇ ಶತಮಾನದಲ್ಲಿ ಮೊಳಕೆ ಕಟ್ಟಿದ ಬಾರ್ಲಿಗೆ ತೆರಿಗೆ ಹಾಕಿದರು. ಐರಿಶ್ ಜನ ತೆರಿಗೆ ಉಳಿಸೋಕೆ ಮೊಳಕೆ ಕಟ್ಟದ ಹಸಿ ಬಾರ್ಲಿಯನ್ನೂ ಸೇರಿಸಿ ಭಟ್ಟಿ ಇಳಿಸಿದರು. ಅದೇ ಒಂದು ರುಚಿಯಾಗಿ ನಿಂತು ಹೋಯ್ತು. ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸ್ತಾರೆ. ಬಾಯಲ್ಲಿ ಒಂಥರಾ ಕೆನೆ ಕಟ್ಟಿದ ಹಾಗೆ. ಕೆಲವು ಪೀಪಾಯಿ ಶೆರ್ರಿ ಅನ್ನೋ ಸ್ಪೇನಿನ ವೈನ್ ಇಟ್ಟದ್ದು, ಹಾಗಾಗಿ ಒಣಹಣ್ಣಿನ ವಾಸನೆ. ಇಂಗ್ಲಿಷ್ ಪುಸ್ತಕದ ಕ್ರಿಸ್‌ಮಸ್ ಕೇಕು ಇದೇ. ಧಾರವಾಡದವರು ಗ್ಲಾಸಿಗೆ ಮೂಗಿಟ್ಟು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, "ನಮ್ಮವ್ವನ ಅಂಟಿನುಂಡಿ ವಾಸನಿ ಬರಾಕತ್ತೈತ್ರೀ," ಅಂದರು. ಉತ್ತತ್ತಿ, ಒಣದ್ರಾಕ್ಷಿ, ಕೊಬ್ಬರಿ, ಗೋಡಂಬಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು. ಅಕ್ಷರಶಃ ಸರಿ. ಅವರ ಅವ್ವ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ನಾವು ಯಾರೂ ಏನೂ ಹೇಳಲಿಲ್ಲ. ಡೈರಿಯಲ್ಲಿ ಆ ಸಾಲಿಗೆ ಅವರೇ ಕೆಳಗೆ ಗೆರೆ ಎಳೆದಿದಾರೆ. 91.

ಲಫ್ರೋಯಿಗ್ 10. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರೋ ಐಲಾ ದ್ವೀಪದ್ದು. ಅಲ್ಲಿ ಮರ ಕಮ್ಮಿ, ಜವುಗು ನೆಲದಲ್ಲಿ ಸಾವಿರಾರು ವರ್ಷ ಅರ್ಧ ಕೊಳೆತು ಗಟ್ಟಿಯಾದ ಪೀಟ್ ಅನ್ನೋ ಹುಲ್ಲುಮಣ್ಣೇ ಉರುವಲು. ಮೊಳಕೆ ಬಾರ್ಲಿಯನ್ನ ಅದರ ಹೊಗೆಯಲ್ಲಿ ಒಣಗಿಸ್ತಾರೆ, ಹೊಗೆ ಧಾನ್ಯಕ್ಕೆ ಹಿಡಿದು ಬಾಟ್ಲಿಯವರೆಗೂ ಬರುತ್ತೆ. ಮೊದಲ ಸಲ ಕುಡಿದವರು ಆಸ್ಪತ್ರೆ ವಾಸನೆ ಅಂತ ಗ್ಲಾಸು ದೂರ ಇಡ್ತಾರೆ. ಸುಳ್ಳಲ್ಲ, ಟಿಂಚರ್ ಹಚ್ಚಿದ ಬ್ಯಾಂಡೇಜಿನ ವಾಸನೆ ಇದ್ದೇ ಇದೆ. ಕುಂದಾಪುರದವರು, "ಇದ್ ಗಂಗೊಳ್ಳಿ ಬಂದರ್ ಮಾರಾಯ್ರೆ, ಒಣಮೀನು, ಹಗ್ಗ, ಡೀಸೆಲ್ ಎಲ್ಲ ಇತ್ತ್," ಅಂದರು. ನನಗೆ ಮಾತ್ರ ಅದು ಬಚ್ಚಲಮನೆ. ಜುಲೈ ತಿಂಗಳು, ಹಂಡೆಯ ಒಲೆಗೆ ಹಸಿ ಕಟ್ಟಿಗೆ, ಅದರ ಮೇಲೆ ಅಡಿಕೆ ಸಿಪ್ಪೆ, ಉರಿಯೋದಕ್ಕಿಂತ ಹೊಗೆಯಾಡೋದೇ ಹೆಚ್ಚು. ಕಣ್ಣೀರು ಸುರಿಸಿಕೊಂಡು ಊದುಕೊಳವೆ ಊದಿ, ಬಿಸಿ ನೀರು ಮೈಮೇಲೆ ಹುಯ್ದುಕೊಂಡಾಗ ಆ ನೀರಿಗೂ ಹೊಗೆಯ ವಾಸನೆ. ಆ ನೀರಲ್ಲಿ ಮಿಂದ ಮೈ ಶಾಲೆಯಲ್ಲೂ ಹೊಗೆ ನಾರುತ್ತಿತ್ತು, ಪೇಟೆ ಹುಡುಗರು ನಗ್ತಿದ್ದರು. ಅದೇ ವಾಸನೆಗೆ ಈಗ ಬಾಟ್ಲಿಗೆ ಸಾವಿರಾರು ರೂಪಾಯಿ ಕೊಡ್ತಾ ಇದೀನಿ, ಏನಂತೀರಿ?

ನೀರಿನ ಬಗ್ಗೆ ಒಂದು ಮಾತು. ವಿಸ್ಕಿಗೆ ನೀರು ಹಾಕೋದು ಅಪರಾಧ ಅನ್ನೋ ಹಾಗೆ ನೋಡೋ ಜನ ಇದಾರೆ, ಅವರ ಮಾತು ಕೇಳಬೇಡಿ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇಷ್ಟು: ಹೊಗೆ ವಾಸನೆ ಕೊಡೋ ಗ್ವಾಯಕಾಲ್ ಅನ್ನೋ ಅಣು, ಆಲ್ಕೋಹಾಲ್ ಕಮ್ಮಿ ಇದ್ದಾಗ ದ್ರವದ ಮೇಲ್ಮೈಯಲ್ಲಿ ಸೇರಿರುತ್ತೆ, ಆಲ್ಕೋಹಾಲ್ ಜಾಸ್ತಿಯಾದರೆ ಒಳಕ್ಕೆ ಹೋಗುತ್ತೆ. ಅಂದರೆ ಗಟ್ಟಿ ವಿಸ್ಕಿಗೆ ಒಂದೆರಡು ಚಮಚ ನೀರು ಬಿದ್ದರೆ ಮೂಗಿಗೆ ಅನುಕೂಲ. ವಿಸ್ಕಿ ಮಿಶ್ರಣ ಮಾಡೋ ತಜ್ಞರು ತಮ್ಮ ಕೆಲಸವನ್ನ ಹೆಚ್ಚಾಗಿ ಮೂಸಿಯೇ ಮಾಡೋದು, ಅದೂ ಸ್ಯಾಂಪಲ್ಲಿಗೆ ನೀರು ಬೆರೆಸಿ ಸುಮಾರು ಶೇಕಡಾ 20ಕ್ಕೆ ಇಳಿಸಿಕೊಂಡು. ದಿನಕ್ಕೆ ನೂರಾರು ಮೂಸೋರು ಕುಡಿದರೆ ಗತಿಯೇನು! ಇದನ್ನ ಓದಿ ಹೇಳಿದ ಮೇಲೆ ನನ್ನ ಹೆಂಡತಿ ಒಳಕೋಣೆಯಿಂದ ಹೊರಗೆ ಬಂದು ಕೂರೋಕೆ ಶುರು ಮಾಡಿದಳು. ಒಂದು ತೊಟ್ಟೂ ಬಾಯಿಗೆ ಹಾಕಲ್ಲ. ಮೂಸ್ತಾಳೆ, ಹೇಳ್ತಾಳೆ, ನಾವು ಬರ್ಕೋತೀವಿ.

ಜಪಾನಿನ ಯೋಯಿಚಿ. ಮೈಸೂರಿನವರ ಮಗಳು ಟೋಕಿಯೋದಿಂದ ತಂದದ್ದು. ಇದರ ಹಿಂದಿನ ಮನುಷ್ಯ ಮಸಾತಾಕಾ ತಾಕೆತ್ಸುರು, ಹಿರೋಶಿಮಾ ಕಡೆಯ ಸಾಕೆ ತಯಾರಿಸೋ ಮನೆತನದವನು. 1918ರಲ್ಲಿ ವಿಸ್ಕಿ ಕಲಿಯೋಕೆ ಅಂತ ಗ್ಲಾಸ್ಗೋಗೆ ಹೋದ. ಭಟ್ಟಿಗಳಲ್ಲಿ ಕೆಲಸ ಮಾಡಿದ, ಅಲ್ಲಿಯ ರೀಟಾ ಕೋವನ್ ಅನ್ನೋ ಹುಡುಗಿಯನ್ನ 1920ರಲ್ಲಿ ಮದುವೆಯಾದ, ಎರಡೂ ಮನೆಯವರಿಗೆ ಇಷ್ಟವಿರಲಿಲ್ಲ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದುಕೊಂಡ, ಜಪಾನಿ ಭಾಷೆಯಲ್ಲಿ. ಊರಿಗೆ ಮರಳಿ 1923ರಲ್ಲಿ ಶುರುವಾದ ಯಮಝಾಕಿ ಭಟ್ಟಿಯನ್ನ ಕಟ್ಟೋಕೆ ನೆರವಾದ, ಆಮೇಲೆ ಹೊರಬಂದು 1934ರಲ್ಲಿ ಹೊಕ್ಕೈಡೋದ ಚಳಿಯಲ್ಲಿ ಯೋಯಿಚಿ ಕಟ್ಟಿದ. ವಿಸ್ಕಿ ಬೆಳೆಯೋಕೆ ವರ್ಷಗಟ್ಟಲೆ ಬೇಕಲ್ಲ, ಅಲ್ಲಿತನಕ ಹೊಟ್ಟೆಪಾಡು? ಸೇಬಿನ ರಸ ಮಾರಿದ. ಅವನ ಕಂಪನಿಯ ಜಪಾನಿ ಹೆಸರಿನಲ್ಲಿ ಹಣ್ಣಿನ ರಸವೇ ಇತ್ತು, ಅದನ್ನ ಚಿಕ್ಕದು ಮಾಡಿದ್ದೇ ಈಗಿನ ನಿಕ್ಕಾ. ಮೊದಲ ವಿಸ್ಕಿ ಹೊರಬಂದದ್ದು 1940ರಲ್ಲಿ. ಯೋಯಿಚಿಯಲ್ಲಿ ಇವತ್ತಿಗೂ ಭಟ್ಟಿಗೆ ಕಲ್ಲಿದ್ದಲ ಬೆಂಕಿ ಹಾಕ್ತಾರೆ. ಬಾಯಲ್ಲಿ ತೆಳು ಹೊಗೆ, ಆಮೇಲೆ ಒಂದು ಸಣ್ಣ ಉಪ್ಪು, ಕೊನೆಗೆ ಸೀದ ಬೆಲ್ಲ. "ಆಲೆಮನೆಯಲ್ಲಿ ಕೊಪ್ಪರಿಗೆ ತಳ ಹಿಡಿದ ಹಾಗೆ," ಅಂದಳು ಇವಳು, ಮೂಸಿ. ನನಗಿಂತ ಒಂದು ನಿಮಿಷ ಮೊದಲೇ. 88.

ಈಗ ನಮ್ಮೂರಿನದು. ಅಮೃತ್ ಫ್ಯೂಷನ್.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಜಗದಾಳೆ ಮನೆತನದವರು ಶುರು ಮಾಡಿದ್ದು. ಭಟ್ಟಿ ಇರೋದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ತಮ್ಮ ಸಿಂಗಲ್ ಮಾಲ್ಟನ್ನ ಅವರು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, 2004ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲಿ! ಮೀನಿಗೆ ಈಜು ಕಲಿಸೋಕೆ ಹೋದ ಹಾಗೆ. 2010ರ ತನ್ನ ವಿಸ್ಕಿ ಬೈಬಲಿನಲ್ಲಿ ಜಿಮ್ ಮರ್ರೆ ಫ್ಯೂಷನ್ನಿಗೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂದ ಮೇಲೆ ಇಲ್ಲಿಯವರು ಕಣ್ಣು ಬಿಟ್ಟರು. ಭಾರತದ ಬಾರ್ಲಿ, ಜೊತೆಗೆ ಪೀಟ್ ಹೊಗೆ ಹಿಡಿದ ಸ್ಕಾಟ್ಲೆಂಡಿನ ಬಾರ್ಲಿ, ಎರಡನ್ನೂ ಬೆರೆಸಿದ್ದಕ್ಕೆ ಆ ಹೆಸರು. ಶೇಕಡಾ 50 ಆಲ್ಕೋಹಾಲ್.

ಇದರ ಡಬ್ಬಿಯ ಮೇಲೆ ಎಷ್ಟು ವರ್ಷದ್ದು ಅಂತ ಇರಲ್ಲ, ಅದಕ್ಕೆ ಎಷ್ಟೋ ಜನ ಮೂಗು ಮುರೀತಾರೆ. ಅವರಿಗೆ ಒಂದು ಲೆಕ್ಕ ಹೇಳ್ತೀನಿ. ಪೀಪಾಯಿಯಿಂದ ವಿಸ್ಕಿ ಪ್ರತಿ ವರ್ಷ ಸ್ವಲ್ಪ ಆರಿ ಹೋಗುತ್ತೆ, ಅದಕ್ಕೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು. ಬೆಂಗಳೂರಿನ ಹವೆಯಲ್ಲಿ 10ರಿಂದ 12ರಷ್ಟು. 200 ಲೀಟರ್ ಪೀಪಾಯಿ ತುಂಬಿಸಿ ಎಂಟು ವರ್ಷ ಬಿಟ್ಟರೆ ಅಲ್ಲಿ 170 ಲೀಟರ್ ಉಳಿಯುತ್ತೆ, ಇಲ್ಲಿ 80ರ ಆಸುಪಾಸು. 2013ರಲ್ಲಿ ಅಮೃತ್‌ನವರು ಎಂಟು ವರ್ಷದ್ದೊಂದನ್ನ ಹೊರತಂದಾಗ ದುರಾಸೆಯ ದೇವತೆಗಳು ಅನ್ನೋ ಅರ್ಥದ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಆರಿ ಹೋಗೋದು ಒಂದು ಕಡೆ, ಸೆಕೆಯಲ್ಲಿ ಮರದ ಜೊತೆಗಿನ ಕೆಲಸವೂ ಬೇಗ ಬೇಗ ನಡೆಯುತ್ತೆ. ಮಾವಿನಮಿಡಿ ಅಟ್ಟದ ಮೇಲಿಟ್ಟರೆ ಬೇರೆ, ಬಿಸಿಲಿಗಿಟ್ಟರೆ ಬೇರೆ, ಅಲ್ವಾ? ಹಾಗಾಗಿ ಇಲ್ಲಿಯ ಐದು ವರ್ಷವನ್ನ ಅಲ್ಲಿಯ ಐದು ವರ್ಷದ ಪಕ್ಕ ಇಟ್ಟು ಅಳೆಯೋದೇ ತಪ್ಪು.

ನಮ್ಮ ನಾಲ್ಕೂ ಜನಕ್ಕೆ ಫ್ಯೂಷನ್ ಒಂದು ಪರೀಕ್ಷೆ ಇದ್ದ ಹಾಗೆ. ಊರಿನದು ಅನ್ನೋ ಅಭಿಮಾನಕ್ಕೆ ಅಂಕ ಹಾಕ್ತೀವೋ ರುಚಿಗೆ ಹಾಕ್ತೀವೋ? ಪೇಪರ್ ಸುತ್ತಿ, ನಂಬರ್ ಹಚ್ಚಿ, ಮೂರು ಸಲ ಬೇರೆ ಬೇರೆ ತಿಂಗಳು ಇಟ್ಟೆವು. ಒಮ್ಮೆ ಎರಡನೆಯದು, ಒಮ್ಮೆ ಮೊದಲನೆಯದು, ಒಮ್ಮೆ ನಾಲ್ಕನೆಯದು ಬಂತು. ನಾಲ್ಕನೇ ಸ್ಥಾನ ಬಂದ ದಿನ ಮೈಸೂರಿನವರ ಮುಖ ನೋಡಬೇಕಿತ್ತು. ನನ್ನ ತೀರ್ಪು ಕೇಳಿದರೆ: ಮೂಗಿಗೆ ಅದ್ಭುತ. ಜೋನಿಬೆಲ್ಲ, ಹುರಿದ ಗೋಧಿ, ದೂರದಲ್ಲೆಲ್ಲೋ ಬಚ್ಚಲ ಒಲೆ. ಬಾಯಲ್ಲಿ ಮೊದಲರ್ಧ ಗಂಭೀರ. ಕೊನೆಗೆ ಮಾತ್ರ ಮರದ ಒಗರು ಒಂದು ಕೈ ಜಾಸ್ತಿ, ಸೆಕೆಯ ದೇಶದ ವಿಸ್ಕಿಗೆ ಇದು ತಪ್ಪಿದ್ದಲ್ಲ. 97 ಅಲ್ಲ ನನ್ನ ಲೆಕ್ಕದಲ್ಲಿ, 87. ಆದರೂ ಅದರ ದುಡ್ಡಿಗೆ ಸ್ಕಾಟ್ಲೆಂಡಿನದು ಇಷ್ಟು ಒಳ್ಳೆಯದು ಸಿಗಲ್ಲ. ಆಮದು ಸುಂಕವೇ 150 ಇತ್ತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಅದನ್ನ 75ಕ್ಕೆ, ಮುಂದೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಸೋ ಮಾತಿದೆ. ಆಗ ನಮ್ಮವರಿಗೆ ನಿಜವಾದ ಪೈಪೋಟಿ.

ಫ್ಯೂಷನ್ ನಾಲ್ಕನೆಯದು ಬಂದ ಆ ರಾತ್ರಿಯದೇ ಇನ್ನೊಂದು ವಿಷಯ ಹೇಳಬೇಕು. ಮೈಸೂರಿನವರು ತಮಾಷೆಗೆ ಅಂತ ಐದನೇ ಗ್ಲಾಸಿನಲ್ಲಿ ಇಲ್ಲಿಯ ಎಲ್ಲಾ ವೈನ್ ಶಾಪಿನಲ್ಲೂ ಸಿಗೋ ಒಂದು ಅಗ್ಗದ ವಿಸ್ಕಿ ಸೇರಿಸಿಬಿಟ್ಟಿದ್ದರು, ನಮಗ್ಯಾರಿಗೂ ಹೇಳಿರಲಿಲ್ಲ. ಹೆಸರು ಬೇಡ. ನಾವು ಮೂರೂ ಜನ ಅದರಲ್ಲಿ ವೆನಿಲಾ ಇದೆ, ಕ್ಯಾರಮೆಲ್ ಇದೆ ಅಂತ ಬರೆದು 60, 65, 68 ಹಾಕಿದೆವು. ಹೆಂಡತಿ ನಾಲ್ಕು ಗ್ಲಾಸು ಮೂಸಿ ಹೇಳೋದು ಹೇಳಿ, ಐದನೆಯದನ್ನ ಮೂಗಿನ ಹತ್ತಿರ ತಂದವಳು ಹಾಗೇ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಬಾಲ್ಕನಿಗೆ ಹೋದಳು. ಎಲ್ಲರೂ ಹೋದ ಮೇಲೆ ಕೇಳಿದೆ. "ಅಪ್ಪ ರಾತ್ರಿ ಬಂದು ಬಾಗಿಲು ದೂಡಿದಾಗ ಬರ್ತಿತ್ತಲ್ಲ, ಅದೇ ವಾಸನೆ," ಅಂದಳು.

ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರಾಟವಾಗೋದರಲ್ಲಿ ಬಹುಪಾಲು ಕಾಕಂಬಿಯಿಂದ ಮಾಡಿದ ಮದ್ಯಸಾರ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುತ್ತಲ್ಲ, ಆ ಕಾಕಂಬಿ. ಅದಕ್ಕೆ ಸ್ವಲ್ಪ ಮಾಲ್ಟ್ ವಿಸ್ಕಿ, ಬಣ್ಣ, ಪರಿಮಳ. ಯುರೋಪಿನಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು ಅನ್ನೋ ಕಾನೂನಿರೋದರಿಂದ ಇದನ್ನ ಅಲ್ಲಿ ಆ ಹೆಸರಿನಲ್ಲಿ ಮಾರೋ ಹಾಗಿಲ್ಲ. ನಮ್ಮೂರಿನ ಸರಕಾರಿ ಸಾರಾಯಿಯೂ ಕಾಕಂಬಿಯ ಮದ್ಯಸಾರಕ್ಕೆ ನೀರು ಬೆರೆಸಿದ್ದೇ. ಮೇಲಿನ ವೆನಿಲಾ ಕ್ಯಾರಮೆಲ್ಲು ನಮ್ಮ ಮೂಗಿಗೆ ಮಂಕುಬೂದಿ ಎರಚಿತು. ಅವಳ ಮೂಗು ಅದನ್ನೆಲ್ಲ ಪಕ್ಕಕ್ಕೆ ಸರಿಸಿ ಕೆಳಗಿನದನ್ನ ಹಿಡೀತು. ಹತ್ತು ವರ್ಷದ ಹುಡುಗಿ ಬಾಗಿಲ ಹಿಂದೆ ನಿಂತು ಕಲಿತ ಪಾಠ ಅದು, ಅದಕ್ಕೆ ಯಾವ ಪುಸ್ತಕವೂ ಬೇಕಿಲ್ಲ. ಕುಂದಾಪುರದವರಿಗೆ ಫೋನಿನಲ್ಲಿ ಇದನ್ನ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನಾವ್ ಮಾರಿದ್ದ್ ಹೆಚ್ಚಿನದ್ ಅದೇ ಅಲ್ದಾ," ಅಂದರು.

ಅದಾದ ಮೇಲೆ ಒಂದು ತಿಂಗಳು ಕೂಟ ಮಾಡಲಿಲ್ಲ. ಇನ್ನು ನಿಲ್ಲಿಸಿಬಿಡೋಣ ಅಂತಲೇ ನಾನಂದುಕೊಂಡಿದ್ದೆ. ಅವಳೇ ಕೇಳಿದಳು, "ಯಾಕೆ, ಈ ಸಲ ಯಾರೂ ಬರಲ್ವಾ?" ಬರಬೇಕಾ ಅಂದೆ. "ಬರಲಿ. ಆ ಐದನೆಯದು ಮಾತ್ರ ಈ ಮನೆಯೊಳಗೆ ಬೇಡ," ಅಂದಳು. ಹಾಗಾಗಿ ಈಗ ನಮ್ಮಲ್ಲಿ ಆ ಒಂದು ನಿಯಮ ಸೇರಿದೆ. ಧಾನ್ಯದ್ದಾದರೆ ಯಾವ ದೇಶದ್ದಾದರೂ ಸರಿ.

ಮುಂದಿನ ಶನಿವಾರ ತೈವಾನಿನ ಕವಲಾನ್ ಇದೆ. ಅದೂ ಸೆಕೆಯ ದೇಶ, ಭಟ್ಟಿ ಕಟ್ಟಿದ್ದು 2005ರಲ್ಲಿ, ಹತ್ತೇ ವರ್ಷಕ್ಕೆ 2015ರಲ್ಲಿ ಅವರದ್ದೊಂದು ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಪ್ರಶಸ್ತಿ ತಗೊಂಡಿತ್ತು. ಧಾರವಾಡದವರು ಈಗಾಗಲೇ ಡಬ್ಬಿಯ ಮೇಲಿನ ಇಂಗ್ಲಿಷ್ ಪಟ್ಟಿಯ ಮೇಲೆ ಪೇಪರ್ ಅಂಟಿಸಿಟ್ಟಿದಾರಂತೆ, ಯಾರೂ ಮೊದಲೇ ಓದಬಾರದು ಅಂತ. ಅದರಲ್ಲಿ ಮಾವಿನಹಣ್ಣಿನ ವಾಸನೆ ಬರುತ್ತೆ ಅಂತ ಕೇಳಿದೀನಿ. ಮಾವಿನಹಣ್ಣು ಅಂದ ಮಾತ್ರಕ್ಕೆ ಇವಳು ಬಿಡೋದಿಲ್ಲ. ಮಲ್ಲಿಕಾನೋ, ಬಾದಾಮಿಯೋ, ಇಲ್ಲಾ ನಮ್ಮ ಕಡೆಯ ಕಾಟುಮಾವೋ, ಅದನ್ನ ಹೇಳಿ ಮೊದಲು ಅಂತಾಳೆ.